ಬೆಳಗಿನ ಎರಡನೆಯ ನಿದ್ದೆ ಮತ್ತು ಎಚ್ಚರದಿಂದಲೇ ಕನಸಿಗಿಳಿಯುವ ಬಗೆ: ದಾವಣಗೆರೆಯ ಪತ್ರಿಕಾ ವಿತರಕರೊಬ್ಬರ ಪ್ರಕರಣ

ದಾವಣಗೆರೆಯಲ್ಲಿ ಪತ್ರಿಕಾ ವಿತರಣೆಯ ಏಜೆನ್ಸಿ ನಡೆಸುವ, ಮೂವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರಿಗೆ ಬೆಳಗಿನ ಹೊತ್ತು ಮಲಗಿದಾಗಲೆಲ್ಲ ಮೈ ಕಟ್ಟಿಹಾಕಿದಂತಾಗಿ, ಎದೆಯ ಮೇಲೆ ಯಾರೋ ಕುಳಿತಂತೆ ಭಾಸವಾಗುತ್ತಿತ್ತು. ಕೆಲವು ತಿಂಗಳ ನಂತರ ಅವರೇ, ಅದೇ ಹೊತ್ತಿನಲ್ಲಿ, ಎಚ್ಚರವನ್ನು ಎಲ್ಲಿಯೂ ಬಿಡದೆ ನೇರವಾಗಿ ಕನಸಿನೊಳಗೆ ಹೋಗಿ, ಅದು ಕನಸೆಂದು ಪೂರ್ತಿ ತಿಳಿದೇ ಅಲ್ಲಿ ಓಡಾಡಿ ಬರುವಂತಾದರು. ಭಯ ಹುಟ್ಟಿಸುತ್ತಿದ್ದ ಆ ಸ್ಥಿತಿಗೂ ಕುತೂಹಲದಿಂದ ಕಾಯುವಂತಾದ ಈ ಸ್ಥಿತಿಗೂ ದೇಹದಲ್ಲಿ ನಡೆಯುವ ಕ್ರಿಯೆ ಒಂದೇ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆಯನ್ನು ನಾನು ಹತ್ತಿರದಿಂದ ಕಂಡಿಲ್ಲ. ಎಚ್ಚರದಿಂದ ನೇರವಾಗಿ ಅರಿವಿನ ಕನಸಿಗೆ, ಅಂದರೆ ಲೂಸಿಡ್ ಕನಸಿಗೆ ಹೋಗುವುದು ಅಸಾಧಾರಣ ಮನೋಬಲದ ಸಾಧನೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಈ ಪ್ರಕರಣವನ್ನು ಹಿಂಬಾಲಿಸಿದ ಮೇಲೆ, ಅದರಲ್ಲಿ ಮನೋಬಲಕ್ಕಿಂತ ಹೊತ್ತಿನ ಲೆಕ್ಕಕ್ಕೇ ಹೆಚ್ಚು ಪಾತ್ರವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಮನಶ್ಶಾಸ್ತ್ರ ಕಲಿಸುವ ಅಧ್ಯಾಪಕ, ವೈದ್ಯನಲ್ಲ. ಇಲ್ಲಿಯ ವಿವರಗಳನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆದಿದ್ದೇನೆ. ಮಿದುಳಿನ ಅಲೆಗಳನ್ನು ದಾಖಲಿಸುವ ಯಂತ್ರವೇನೂ ನಮ್ಮ ಬಳಿ ಇರಲಿಲ್ಲವಾದ್ದರಿಂದ ಆಧಾರವಾಗಿರುವುದು ಅವರು ಎದ್ದ ಕೂಡಲೇ ಬರೆದಿಟ್ಟ ಟಿಪ್ಪಣಿಗಳು, ಮಲಗಿದ ಮತ್ತು ಎದ್ದ ಸಮಯ, ಮತ್ತು ನಮ್ಮ ನಡುವಿನ ಮಾತುಕತೆ ಮಾತ್ರ.

ದಿನಚರಿ ಮತ್ತು ತೊಂದರೆ

ಅವರ ದಿನಚರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ಪ್ರಕರಣದ ಕೀಲಿ ಅದರಲ್ಲಿಯೇ ಇದೆ. ರಾತ್ರಿ ಹತ್ತೂವರೆಗೆ ಮಲಗಿ, ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಪತ್ರಿಕೆಯ ಬಂಡಲ್‌ಗಳು ಬಂದಿಳಿಯುವ ಹೊತ್ತಿಗೆ ಅಲ್ಲಿರಬೇಕು, ಪುರವಣಿ ಸೇರಿಸಬೇಕು, ಎಣಿಸಿ ಹುಡುಗರಿಗೆ ಲೈನ್ ಹಂಚಬೇಕು. ಯಾವನಾದರೊಬ್ಬ ಹುಡುಗ ಬಾರದಿದ್ದರೆ ಅವನ ಲೈನನ್ನು ತಾವೇ ಮುಗಿಸಬೇಕು. ವಿದ್ಯಾನಗರದ ಒಂದು ಲೈನ್ ಹೆಚ್ಚುಕಡಿಮೆ ಕಾಯಂ ಆಗಿ ಅವರ ಪಾಲಿಗೇ ಬಿದ್ದಿದೆ. ಮನೆಗೆ ಬರುವಾಗ ಏಳು ದಾಟಿರುತ್ತದೆ. ಚಹಾ ಕುಡಿದು, ಏಳೂವರೆಗೆ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದರೆ ಒಂಬತ್ತರವರೆಗೆ ಎರಡನೆಯ ನಿದ್ದೆ. ತೊಂದರೆ ಬರುತ್ತಿದ್ದುದು ಈ ಎರಡನೆಯ ನಿದ್ದೆಯ ಆರಂಭದಲ್ಲಿಯೇ. ರಾತ್ರಿ ಮಲಗಿದಾಗ ಒಮ್ಮೆಯೂ ಇಲ್ಲ.

ಅವರು ಅದನ್ನು ನನಗೆ ವಿವರಿಸಿದ ರೀತಿ ಹೀಗಿತ್ತು: “ಕಣ್ಣು ಬಿಟ್ಟೇ ಇರ್ತೀನಿ ಸರ್. ಮೇಲೆ ಫ್ಯಾನ್ ತಿರುಗೋದು ಕಾಣ್ತೈತೆ, ಅವ್ವ ಒಳಗೆ ಪಾತ್ರೆ ತೊಳೆಯೋ ಸಪ್ಪಳ ಕೇಳ್ತೈತೆ. ಕರೀಬೇಕು ಅಂದ್ರೆ ದನಿನೇ ಹೊರಡಲ್ಲ. ಬಾಗಿಲ ಹತ್ರ ಯಾರೋ ನಿಂತವ್ರೆ ಅನ್ನೋದು ಮಾತ್ರ ಖಾತ್ರಿ.” ಮನೆಯಲ್ಲಿ ಇದನ್ನು ದೆವ್ವ ಅಮುಕುವುದೆಂದೇ ತಿಳಿದಿದ್ದರು. ತಾಯಿ ದುಗ್ಗಮ್ಮನ ಗುಡಿಯ ಕುಂಕುಮವನ್ನು ದಿಂಬಿನ ಕೆಳಗಿಟ್ಟಿದ್ದರು, ಅದರ ಜೊತೆಗೊಂದು ಹಳೆಯ ಕುಡುಗೋಲನ್ನೂ ಇಟ್ಟಿದ್ದರು. ಕುಂಕುಮ ಇರಲಿ, ಅದು ಅವರಿಗೆ ಧೈರ್ಯ ಕೊಡುತ್ತಿದ್ದರೆ ತೆಗೆಯುವ ಕಾರಣವಿಲ್ಲ, ಆದರೆ ಮಕ್ಕಳು ಓಡಾಡುವ ಮನೆಯಲ್ಲಿ ಕುಡುಗೋಲು ಬೇಡ ಎಂದಷ್ಟೇ ನಾನು ಹೇಳಿದೆ.

ಮೊದಲು ವಿಚಾರಿಸಿದ್ದು ಬೇರೆ ಕಾಯಿಲೆಗಳ ಬಗ್ಗೆ. ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತದೆಯೇ, ಮಾತನಾಡುತ್ತಿರುವಾಗಲೇ ತಡೆಯಲಾರದ ನಿದ್ದೆ ಬರುತ್ತದೆಯೇ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳುತ್ತಾರೆಯೇ, ಎಚ್ಚರವಿರುವಾಗ ಯಾರೂ ಇಲ್ಲದೆ ಧ್ವನಿ ಕೇಳುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಲೇಬೇಕು. ನಾರ್ಕೊಲೆಪ್ಸಿ ಎಂಬ ನಿದ್ರಾರೋಗದಲ್ಲಿ ಮಲಗಿದ ಕೆಲವೇ ನಿಮಿಷಗಳಲ್ಲಿ ಕನಸಿನ ನಿದ್ದೆ ಶುರುವಾಗುತ್ತದೆ. ಅಂಥವರಿಗೂ ಇದೇ ಅನುಭವಗಳು ಬರುತ್ತವೆ, ಅವರಿಗೆ ಬೇಕಾದದ್ದು ಚಿಕಿತ್ಸೆ. ಇವರು ಎಲ್ಲಕ್ಕೂ ಇಲ್ಲ ಎಂದರು. ವೈದ್ಯರ ಬಳಿಗೂ ಹೋಗಿ ಬಂದರು. ನಿದ್ದೆ ಕಡಿಮೆ ಎಂಬುದನ್ನು ಬಿಟ್ಟರೆ ಬೇರೇನೂ ಕಂಡುಬರಲಿಲ್ಲ.

ಹೊತ್ತಿನ ಲೆಕ್ಕ

1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು, ನಿದ್ದೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ವರದಿ ಮಾಡಿದರು. ರೆಮ್ ನಿದ್ದೆ ಎಂದು ಕರೆಯಲಾಗುವ ಈ ಅವಧಿಯಲ್ಲಿಯೇ ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುತ್ತವೆ. ಅದೇ ದಶಕದ ಕೊನೆಯಲ್ಲಿ ಫ್ರಾನ್ಸಿನ ಮಿಷೆಲ್ ಜುವೆ ಅವರು ಬೆಕ್ಕುಗಳ ಮೇಲಿನ ಅಧ್ಯಯನದಲ್ಲಿ, ಮಿದುಳು ಎಚ್ಚರದಷ್ಟೇ ಚುರುಕಾಗಿರುವ ಈ ನಿದ್ದೆಯಲ್ಲಿ ದೇಹದ ಸ್ನಾಯುಗಳು ಮಾತ್ರ ಪೂರ್ತಿ ಸಡಿಲವಾಗಿರುತ್ತವೆ ಎಂಬುದನ್ನು ತೋರಿಸಿದರು. ಮಿದುಳಿನ ಕಾಂಡವೇ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುವುದರಿಂದ, ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡುವುದಿಲ್ಲ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಈ ತಡೆಯಿಂದ ವಿನಾಯಿತಿ ಇದೆ.

ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢನಿದ್ದೆಯ ಪಾಲು ದೊಡ್ಡದು, ರೆಮ್‌ನ ಪಾಲು ಕೆಲವೇ ನಿಮಿಷ. ಬೆಳಗು ಹತ್ತಿರವಾದಂತೆ ಈ ಲೆಕ್ಕ ತಿರುಗುತ್ತದೆ. ಮೂರೂವರೆಗೆ ಏಳುವ ನಮ್ಮ ವಿತರಕರು ತಮ್ಮ ಗಾಢನಿದ್ದೆಯನ್ನೆಲ್ಲ ಪಡೆದು, ಕನಸಿನ ನಿದ್ದೆಯ ದೊಡ್ಡ ಭಾಗವನ್ನು ಬಾಕಿ ಉಳಿಸಿಕೊಂಡೇ ಏಳುತ್ತಿದ್ದರು. ಏಳೂವರೆಗೆ ಮತ್ತೆ ಮಲಗಿದಾಗ ದೇಹ ಆ ಬಾಕಿಯನ್ನು ವಸೂಲಿ ಮಾಡಲು ಅವಸರಪಡುತ್ತಿತ್ತು; ಮನಸ್ಸಾದರೋ ನಾಲ್ಕು ಗಂಟೆಯ ಕೆಲಸ, ಸೈಕಲ್ ತುಳಿತ, ಚಹಾ ಇವುಗಳಿಂದ ಇನ್ನೂ ಚುರುಕಾಗಿಯೇ ಇರುತ್ತಿತ್ತು. ಎಚ್ಚರ ಆರುವ ಮೊದಲೇ ರೆಮ್ ಶುರುವಾಗಿ, ಸ್ನಾಯುಗಳ ತಡೆ ಬಂದುಬಿಡುತ್ತಿತ್ತು. 1992ರಲ್ಲಿ ಜಪಾನಿನ ಟಕೇಯುಚಿ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಜನರನ್ನು ನಿದ್ದೆಯ ನಡುವೆ ಎಬ್ಬಿಸಿ, ಸ್ವಲ್ಪ ಹೊತ್ತು ಎಚ್ಚರವಾಗಿರಿಸಿ, ಮತ್ತೆ ಮಲಗಿಸುವ ಮೂಲಕ ಇದೇ ನಿದ್ರಾ ಪಾರ್ಶ್ವವಾಯುವನ್ನು ಬೇಕೆಂದೇ ಬರಿಸಿದ್ದರು. ಆ ಪ್ರಯೋಗವನ್ನು ದಾವಣಗೆರೆಯ ಪತ್ರಿಕಾ ವ್ಯವಹಾರ ಇವರ ಮೇಲೆ ದಿನವೂ ಮಾಡುತ್ತಿತ್ತು.

ಈ ವಿವರಣೆ ಸರಿಯೇ ಎಂದು ನೋಡಲು ಒಂದು ಸಹಜವಾದ ದಾರಿ ಸಿಕ್ಕಿತು. ಯುಗಾದಿ, ದೀಪಾವಳಿಯಂಥ ಹಬ್ಬಗಳ ಮರುದಿನ ಪತ್ರಿಕೆ ಬರುವುದಿಲ್ಲ. ಅಂಥ ದಿನಗಳಲ್ಲಿ ಅವರು ಬೆಳಗಿನವರೆಗೆ ಒಂದೇ ಸಮನೆ ಮಲಗುತ್ತಾರೆ. ನೆನಪಿಸಿಕೊಂಡು ಹೇಳಿ ಎಂದಾಗ, ಅಂಥ ರಜೆಯಲ್ಲಿ ಒಮ್ಮೆಯೂ ಹೀಗಾಗಿಲ್ಲ ಎಂಬುದನ್ನು ಅವರೇ ಗುರುತಿಸಿದರು. ತಾಯಿಗೂ ಇದು ಹೌದೆನಿಸಿತು. ದೆವ್ವಕ್ಕೆ ಪತ್ರಿಕೆಯ ರಜೆ ಗೊತ್ತಿರಲು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಅವರು ತಾವಾಗಿಯೇ ಬಂದದ್ದು, ನನ್ನ ಯಾವ ಉಪನ್ಯಾಸಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮೊದಲ ಹಂತದಲ್ಲಿ ಮಾಡಿದ್ದು ಇಷ್ಟೇ: ರಾತ್ರಿ ಹತ್ತಕ್ಕೆ ಮಲಗುವುದು, ಬೆಳಿಗ್ಗೆ ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗುವುದು, ಮೈ ಹಿಡಿದಾಗ ಏಳಲು ಹೆಣಗದೆ ಉಸಿರಿನ ಕಡೆ ಗಮನವಿಟ್ಟು ಕಾಲ ಬೆರಳನ್ನು ಅಲುಗಿಸಲು ನೋಡುವುದು. ಹಿಡಿತ ಪೂರ್ತಿ ನಿಲ್ಲಲಿಲ್ಲ. ಆದರೆ ಬಾಗಿಲ ಬಳಿಯ ಆಕೃತಿ ಬರುವುದು ಕಡಿಮೆಯಾಯಿತು. ಉಸಿರು ನಿಲ್ಲುವುದಿಲ್ಲ ಎಂಬ ತಿಳಿವಳಿಕೆಯೊಂದೇ ಅರ್ಧ ಭಯವನ್ನು ಕಳೆಯಿತು.

ಒಳಗೆ ಹೋಗುವ ಪ್ರಶ್ನೆ

“ಅಲ್ಲಿಂದ ಹಿಂದಕ್ಕೆ ಬರೋ ಬದಲು ಮುಂದಕ್ಕೆ ಹೋದ್ರೆ ಏನಾಗ್ತೈತೆ ಸರ್?” ಎಂಬ ಪ್ರಶ್ನೆ ಅವರಿಂದಲೇ ಬಂತು. ಉತ್ತರ ಇದೆ, ಅದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಬರವಣಿಗೆಯೂ ಇದೆ. ನೆದರ್‌ಲ್ಯಾಂಡ್ಸ್‌ನ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್ ತಮ್ಮ ಕನಸುಗಳ ಅಧ್ಯಯನವನ್ನು 1913ರಲ್ಲಿ ಪ್ರಕಟಿಸಿ ಲೂಸಿಡ್ ಕನಸೆಂಬ ಹೆಸರನ್ನು ಪ್ರಚಾರಕ್ಕೆ ತಂದರು. ಅದು ನಿಜವಾದ ನಿದ್ದೆಯೇ ಎಂಬ ಸಂದೇಹ ಬಗೆಹರಿದದ್ದು ಕಣ್ಣಿನ ಸ್ನಾಯುಗಳಿಗಿರುವ ವಿನಾಯಿತಿಯಿಂದಲೇ. 1975ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು, ಅಲನ್ ವರ್ಸ್ಲಿ ಎಂಬವರು ಕನಸಿನೊಳಗಿಂದಲೇ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಕೊಟ್ಟ ಸಂಕೇತವನ್ನು ದಾಖಲಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದನ್ನು ಸ್ವತಂತ್ರವಾಗಿ ಸಾಧಿಸಿ, ಇಂಥ ಕನಸುಗಳಲ್ಲಿ ಎರಡು ಬಗೆಯನ್ನು ಗುರುತಿಸಿದರು: ಕನಸಿನ ನಡುವೆ ಅರಿವು ಮೂಡುವುದು ಒಂದು, ಎಚ್ಚರದಿಂದ ನೇರವಾಗಿ ಪ್ರವೇಶಿಸುವುದು ಇನ್ನೊಂದು. ಅವರ ತಂಡ ಪ್ರಯೋಗಾಲಯದಲ್ಲಿ ಪರಿಶೀಲಿಸಿದ 76 ಅರಿವಿನ ಕನಸುಗಳಲ್ಲಿ 55 ಮೊದಲ ಬಗೆಯವು, 21 ಎರಡನೆಯ ಬಗೆಯವು. ಅಭ್ಯಾಸವಿದ್ದವರಲ್ಲಿಯೂ ನೇರ ಪ್ರವೇಶ ಕಡಿಮೆಯೇ ಎಂಬುದನ್ನು ಇದು ಹೇಳುತ್ತದೆ.

ನಮ್ಮ ಪರಂಪರೆಯೂ ಈ ಗಡಿಯನ್ನು ಬಲ್ಲದು. ಕಾಶ್ಮೀರ ಶೈವದ ವಿಜ್ಞಾನಭೈರವ ಎಂಬ ಗ್ರಂಥ, ಹೊರಗಿನ ವಿಷಯಗಳು ಆಗಲೇ ಮರೆಯಾಗಿ ನಿದ್ದೆ ಇನ್ನೂ ಬಾರದಿರುವ ಸ್ಥಿತಿಯಲ್ಲಿ ಮನಸ್ಸನ್ನು ನಿಲ್ಲಿಸುವುದನ್ನು ಒಂದು ಧಾರಣೆಯಾಗಿಯೇ ಹೇಳುತ್ತದೆ. ಅಲ್ಲಿಯ ಗುರಿ ಕನಸಿನ ವಿಹಾರವಲ್ಲ ಎಂಬುದನ್ನು ಮರೆಯಬಾರದು. ಆದರೆ ಆ ಸ್ಥಿತಿಯನ್ನು ಅಷ್ಟು ನಿಖರವಾಗಿ ಗುರುತಿಸಿದವರ ಗಮನದ ಸೂಕ್ಷ್ಮತೆಗೆ ನಾನು ತಲೆಬಾಗುತ್ತೇನೆ.

ವಿತರಕರು ನನ್ನನ್ನು ಕೇಳುವ ಮೊದಲೇ ಮೊಬೈಲ್‌ನಲ್ಲಿ ನೋಡಿದ ವಿಡಿಯೊಗಳ ಪ್ರಕಾರ ರಾತ್ರಿ ಮಲಗುವಾಗ ಪ್ರಯತ್ನಿಸಿ ಸೋತಿದ್ದರು. ಸೋಲದೆ ಇನ್ನೇನು? ರಾತ್ರಿ ಹತ್ತಕ್ಕೆ ಮಲಗಿದವನಿಗೆ ಮೊದಲು ಬರುವುದು ಗಾಢನಿದ್ದೆ. ರೆಮ್ ಬರಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಅರಿವನ್ನು ಹಿಡಿದಿಡಲು ಹೊರಡುವುದು, ಕಾವಲಿ ಕಾಯುವ ಮೊದಲೇ ದೋಸೆ ಹಿಟ್ಟು ಹೊಯ್ದಂತೆ. ಬಹಳ ಜನ ಇಲ್ಲಿಯೇ ತಿಂಗಳುಗಟ್ಟಲೆ ಹೆಣಗಿ, ತಮ್ಮ ಏಕಾಗ್ರತೆಯನ್ನೇ ದೂರಿಕೊಂಡು ಕೈಬಿಡುತ್ತಾರೆ. ಅವರ ತಪ್ಪು ಏಕಾಗ್ರತೆಯಲ್ಲಿಲ್ಲ, ಗಡಿಯಾರದಲ್ಲಿದೆ. ಈ ವಿತರಕರಿಗೆ ಸರಿಯಾದ ಹೊತ್ತು ದಿನವೂ ತಾನಾಗಿಯೇ ಒದಗುತ್ತಿತ್ತು.

ಉಳಿದದ್ದು ಗಮನದ ಪ್ರಶ್ನೆ. ಗಮನ ಬಿಗಿಯಾದರೆ ನಿದ್ದೆ ಬರುವುದಿಲ್ಲ; ಸಡಿಲವಾದರೆ ಅರಿವು ಜಾರುತ್ತದೆ. ಒಂದು, ಇದು ಕನಸು. ಎರಡು, ಇದು ಕನಸು ಎಂದು ಎಣಿಸುವ ವಿಧಾನವನ್ನು ಲಾಬರ್ಜ್ ಸೂಚಿಸುತ್ತಾರೆ. ಇವರಿಗೆ ಎಣಿಕೆ ಎಂದರೆ ಬಂಡಲ್‌ಗಳ ಎಣಿಕೆ. ಶುರುಮಾಡಿದ ಕೂಡಲೇ ಲೆಕ್ಕ ತಪ್ಪೀತೆಂಬ ಆತಂಕ ಏರಿ ನಿದ್ದೆ ಹಾರಿಹೋಗುತ್ತಿತ್ತು. ಆಗ ಅವರೇ ಒಂದು ದಾರಿ ಕಂಡುಕೊಂಡರು. ತಾವು ದಿನವೂ ಹಾಕುವ ಲೈನಿನ ಮನೆಗಳನ್ನು ಒಂದೊಂದಾಗಿ ನೆನೆಯುತ್ತ ಹೋಗುವುದು: ಮೊದಲ ಮನೆಯಲ್ಲಿ ಗೇಟಿನ ಸಂದಿಗೆ ಸಿಕ್ಕಿಸಬೇಕು, ಎರಡನೆಯದರಲ್ಲಿ ಮಹಡಿಗೆ ಎಸೆಯಬೇಕು, ಮೂರನೆಯದರಲ್ಲಿ ನಾಯಿ ಇದೆ, ಕಾಂಪೌಂಡ್ ಗೋಡೆಯ ಮೇಲಿಟ್ಟು ಬರಬೇಕು. ಇದರಲ್ಲಿ ಗಮನಕ್ಕೆ ಹಿಡಿಯಲು ಏನೋ ಒಂದು ಇರುತ್ತದೆ, ಆದರೆ ಶ್ರಮವಿಲ್ಲ. ಮೈಗೆ ಅಭ್ಯಾಸವಾದ ದಾರಿಯಾದ್ದರಿಂದ ಮುಂದಿನ ಮನೆ ತಾನಾಗಿಯೇ ಬರುತ್ತದೆ. ಇಂಥ ಆಸರೆಯನ್ನು ಹೊರಗಿನಿಂದ ಸೂಚಿಸುವುದಕ್ಕಿಂತ ಅವರವರ ಬದುಕಿನಿಂದಲೇ ಹುಡುಕಿಕೊಳ್ಳುವುದು ಮೇಲು ಎಂಬುದನ್ನು ನಾನು ಇವರಿಂದ ಕಲಿತೆ.

ಪ್ರವೇಶ

ಮೊದಲ ಸಲ ಪೂರ್ತಿ ಒಳಗೆ ಹೋದ ಬೆಳಗಿನ ಅವರ ಟಿಪ್ಪಣಿ ವಿವರವಾಗಿದೆ. ಮೊದಮೊದಲು ಮನೆಗಳನ್ನು ಅವರು ನೆನೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವು ಕಾಣತೊಡಗಿದವು. ನೆನೆಯುವುದಕ್ಕೂ ಕಾಣುವುದಕ್ಕೂ ನಡುವಿನ ವ್ಯತ್ಯಾಸವನ್ನು ಅವರು ಒಂದು ವಿವರದಿಂದ ಗುರುತಿಸಿದ್ದಾರೆ: ಒಂದು ಮನೆಯ ಮುಂದೆ ತಾವು ನೆನೆಯದೇ ಇದ್ದ ರಂಗೋಲಿ ಇತ್ತು, ಅದರ ಒಂದು ಮೂಲೆ ಒದ್ದೆಯಾಗಿ ಅಳಿಸಿತ್ತು. ಆ ಹೊತ್ತಿಗೆ ಕಾಲುಗಳು ಭಾರವಾಗಿದ್ದವು, ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಏರುತ್ತಿತ್ತು, ಬೆನ್ನಿನುದ್ದಕ್ಕೂ ಸಣ್ಣ ಕಂಪನ ಓಡುತ್ತಿತ್ತು. ಹಿಂದೆ ಇಲ್ಲಿಯೇ ಭಯ ಶುರುವಾಗುತ್ತಿತ್ತು. ಈಗ ಅವರು ಅದನ್ನು ತಡೆಯಲೂ ಇಲ್ಲ, ಕರೆಯಲೂ ಇಲ್ಲ. ಮುಂದಿನ ಮನೆಗೆ ಹೋದರು. ಗೇಟಿನ ಚಿಲಕ ಹಿಡಿದಾಗ ಕಬ್ಬಿಣದ ತಂಪು ಅಂಗೈಗೆ ತಾಗಿತು. ಚಾಪೆ, ಫ್ಯಾನಿನ ಗಾಳಿ, ಪಾತ್ರೆಯ ಸಪ್ಪಳ ಯಾವುದೂ ಇರಲಿಲ್ಲ. ಅವರು ರಸ್ತೆಯಲ್ಲಿ ನಿಂತಿದ್ದರು.

ಇದು ಕನಸೇ ಎಂದು ಖಚಿತಪಡಿಸಿಕೊಳ್ಳಲು ಅಕ್ಷರಗಳನ್ನು ಎರಡು ಸಲ ಓದಿ ನೋಡುವ ಪರೀಕ್ಷೆಯೊಂದಿದೆ. ಕನಸಿನಲ್ಲಿ ಬರಹ ಸಾಮಾನ್ಯವಾಗಿ ಸ್ಥಿರವಾಗಿ ನಿಲ್ಲುವುದಿಲ್ಲ. ಕೈಯಲ್ಲಿ ಪತ್ರಿಕೆ ಹೇಗೂ ಇತ್ತು. ಮುಖಪುಟದ ತಲೆಬರಹ ಓದಿದರು, ಬೀದಿಯ ಕಡೆ ನೋಡಿ ಮತ್ತೆ ಓದಿದರು. ನೀರಿನ ವಿಷಯವಾಗಿದ್ದದ್ದು ಮದುವೆಯ ವಿಷಯವಾಗಿತ್ತು. ಮೂರನೆಯ ಸಲ ನೋಡುವಾಗ ಒತ್ತಕ್ಷರಗಳು ಕೆಳಗೆ ಜಾರಿ, ಕನ್ನಡದಂತೆ ಕಂಡರೂ ಓದಲಾಗದ ಸಾಲಾಗಿತ್ತು. ಆ ಖುಷಿಗೆ ಎದೆ ಹೊಡೆದುಕೊಂಡು ಎಚ್ಚರವಾಯಿತು. ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ ಉಳಿದಿತ್ತು; ಅಂದರೆ ಮಲಗಿ ಇಪ್ಪತ್ತು ನಿಮಿಷವಷ್ಟೇ ಆಗಿತ್ತು. ರಾತ್ರಿಯ ನಿದ್ದೆಯಲ್ಲಿ ಇಷ್ಟು ಬೇಗ ಕನಸು ಬರುವುದು ಅಪರೂಪ.

ಉದ್ವೇಗದಿಂದ ಕನಸು ಒಡೆಯುವುದು ಹೊಸಬರಲ್ಲಿ ಸಾಮಾನ್ಯ. ಒಳಗೆ ಹೋದ ಕೂಡಲೇ ಕನಸಿನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುವುದು, ಹತ್ತಿರದ ವಸ್ತುವೊಂದನ್ನು ಮುಟ್ಟಿ ನೋಡುವುದು ಇದಕ್ಕೆ ಉಪಾಯ. ಸ್ಪರ್ಶ ಕನಸಿನ ದೇಹದಲ್ಲಿಯೇ ಗಮನವನ್ನು ನಿಲ್ಲಿಸುತ್ತದೆ, ಹಾಸಿಗೆಯ ಮೇಲಿನ ದೇಹದ ಕಡೆ ಹರಿಯಗೊಡುವುದಿಲ್ಲ. ಮುಂದಿನ ವಾರಗಳಲ್ಲಿ ಅವರು ಕನಸಿನಲ್ಲಿ ಕುಂದುವಾಡ ಕೆರೆಯ ಏರಿಯವರೆಗೂ ನಡೆದು, ನೀರಿಗೆ ಕೈ ಹಾಕಿ ನೋಡಿದ್ದಾರೆ. ಹಾರಾಟದ ಆಸೆ ಅವರಿಗಿರಲಿಲ್ಲ. ನೀರು ನಿಜಕ್ಕೂ ತಣ್ಣಗಿತ್ತೇ ಎಂಬುದನ್ನು ಗಮನವಿಟ್ಟು ನೋಡುವುದರಲ್ಲಿಯೇ ಅವರಿಗೆ ಅಪಾರ ಸಂತೋಷವಿತ್ತು, ಅದು ನನಗೂ ಬಹಳ ಮೆಚ್ಚುಗೆಯಾಯಿತು.

ಒಂದು ತೊಡಕು ಮಾತ್ರ ಪದೇ ಪದೇ ಬಂತು. ಕನಸು ಮುಗಿದು ಎದ್ದೆನೆಂದುಕೊಂಡು, ಸ್ನಾನ ಮಾಡಿ, ತಿಂಗಳ ಬಿಲ್ ವಸೂಲಿಗೆ ಹೊರಟು, ಎರಡು ಮನೆಯವರಿಗೆ ರಸೀದಿಯನ್ನೂ ಬರೆದುಕೊಟ್ಟ ಮೇಲೆ ಚಾಪೆಯ ಮೇಲೆ ಕಣ್ಣು ಬಿಡುವುದು. ಹುಸಿ ಎಚ್ಚರವೆನ್ನುವ ಈ ಸ್ಥಿತಿ ಅರಿವಿನ ಕನಸುಗಳ ಜೊತೆಗೆ ಆಗಾಗ ಬರುತ್ತದೆ. ಎದ್ದ ಕೂಡಲೇ ಮೂಗನ್ನು ಬೆರಳಿಂದ ಮುಚ್ಚಿ ಉಸಿರೆಳೆದು ನೋಡುವುದನ್ನು ಅವರು ರೂಢಿಸಿಕೊಂಡರು. ಮೂಗು ಮುಚ್ಚಿದರೂ ಉಸಿರು ಸರಾಗವಾಗಿ ಬಂದರೆ ಅದು ಇನ್ನೂ ಕನಸೇ.

ಎಲ್ಲಿ ನಿಲ್ಲಿಸಿದೆವು

ಈ ಪ್ರಕರಣದಲ್ಲಿ ನನಗೆ ನಿಜವಾಗಿ ಚಿಂತೆಯಾದದ್ದು ಪ್ರವೇಶ ಸುಲಭವಾದ ಮೇಲೆ. ಬೆಳಗಿನ ನಿದ್ದೆಗಾಗಿ ಅವರು ಕಾಯತೊಡಗಿದರು, ರಾತ್ರಿ ತಡವಾಗಿ ಮಲಗಿದರೆ ಬೆಳಿಗ್ಗೆ ಕನಸು ಗಟ್ಟಿಯಾಗಿ ಬರುತ್ತದೆಂದು ಕಂಡುಕೊಂಡು ಹನ್ನೊಂದೂವರೆಯವರೆಗೆ ಎದ್ದಿರತೊಡಗಿದರು. ಲೆಕ್ಕ ಸರಿಯೇ, ಆದರೆ ಅದು ನಿದ್ದೆಯನ್ನು ಸಾಲ ತೆಗೆದು ಕನಸು ಕೊಳ್ಳುವ ಲೆಕ್ಕ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮಧ್ಯಾಹ್ನ ಬೈಕಿನ ಮೇಲೆ ತೂಕಡಿಕೆ ಬಂತೆಂದು ಅವರು ಹೇಳಿದ ದಿನವೇ ಅಭ್ಯಾಸ ನಿಲ್ಲಿಸಿ ಎಂದೆ. ಅವರು ಬೇಸರಪಟ್ಟರೂ ನಿಲ್ಲಿಸಿದರು. ಆನ್‌ಲೈನ್‌ನಲ್ಲಿ ಕನಸಿಗೆಂದು ಮಾರುವ ಗ್ಯಾಲಂಟಮಿನ್ ಮಾತ್ರೆಯ ಬಗ್ಗೆಯೂ ಕೇಳಿದ್ದರು. ಅದು ಅರಿವಿನ ಕನಸಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದು 2018ರಲ್ಲಿ ಪ್ರಕಟವಾದ ಲಾಬರ್ಜ್ ತಂಡದ ಪ್ರಯೋಗ ತೋರಿಸಿರುವುದು ನಿಜ. ಆದರೆ ಅದು ಆಲ್ಜೈಮರ್ಸ್ ರೋಗಿಗಳಿಗೆ ಕೊಡುವ ಔಷಧ, ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದ್ದು. ಮನಸ್ಸಿನ ಕಾಯಿಲೆಯಿಂದ ಇಲ್ಲದ ಧ್ವನಿ ಕೇಳಿಸುವವರು, ನಿದ್ದೆಗೆಟ್ಟರೆ ಉನ್ಮಾದ ಮರುಕಳಿಸುವ ಬೈಪೋಲಾರ್ ತೊಂದರೆಯವರು ಈ ಅಭ್ಯಾಸದಿಂದ ದೂರವಿರಬೇಕು ಎಂಬುದನ್ನೂ ಇಲ್ಲಿ ಒತ್ತಿ ಹೇಳುತ್ತೇನೆ.

ಕೆಲವು ವಾರ ಬಿಟ್ಟು ಮತ್ತೆ ಶುರುಮಾಡಿದಾಗ ಎರಡು ಕಟ್ಟುಪಾಡುಗಳನ್ನು ಅವರೇ ಹಾಕಿಕೊಂಡರು. ಹಿಂದಿನ ರಾತ್ರಿ ಹತ್ತಕ್ಕೆ ಮಲಗಿದ್ದರೆ ಮಾತ್ರ ಅಭ್ಯಾಸ. ಅದೂ ಭಾನುವಾರ, ಎದ್ದ ಮೇಲೆ ಗಾಡಿ ಓಡಿಸುವ ಕೆಲಸವಿಲ್ಲದಾಗ. ಮೈ ಹಿಡಿಯುವುದು ಈಗಲೂ ಆಗೊಮ್ಮೆ ಈಗೊಮ್ಮೆ ಉಂಟು. ಅಭ್ಯಾಸದ ದಿನವಲ್ಲದಿದ್ದರೆ ಮಗ್ಗುಲಾಗಲು ನೋಡುತ್ತಾರೆ, ಆಗದಿದ್ದರೆ ಸುಮ್ಮನಿರುತ್ತಾರೆ, ಅದು ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ಇತ್ತೀಚೆಗೆ ವಿದ್ಯಾನಗರದ ಲೈನಿಗೆ ಹೊಸ ಹುಡುಗನನ್ನು ಸೇರಿಸಿಕೊಂಡದ್ದರಿಂದ ಆರಕ್ಕೇ ಮನೆಗೆ ಬಂದು ಎಂಟೂವರೆಯವರೆಗೆ ಮಲಗಲು ಸಾಧ್ಯವಾಗಿದೆ. ಹೀಗೆ ನಿದ್ದೆ ತುಂಬಿದ ವಾರಗಳಲ್ಲಿ ನೇರ ಪ್ರವೇಶ ಕಷ್ಟವಾಗುತ್ತಿದೆ, ಲೈನಿನ ಅರ್ಧಕ್ಕೇ ಅರಿವು ಜಾರುತ್ತಿದೆ ಎಂದು ಅವರ ಟಿಪ್ಪಣಿ ಹೇಳುತ್ತದೆ. ರೆಮ್‌ನ ಬಾಕಿ ಕಡಿಮೆಯಾದಾಗ ಹೀಗಾಗುವುದು ನಿರೀಕ್ಷಿತವೇ. ಹಳೆಯ ವೇಳೆಗೆ ಮರಳುವ ಯೋಚನೆ ಇದೆಯೇ ಎಂದು ಕೇಳಿದಾಗ, ಇಲ್ಲ, ಬಂದಷ್ಟು ಬರಲಿ ಎಂದರು.